ಮೋಡ ಕವಿದಾಗ ಗುಂಡಿಗಿಳಿಯಬೇಡಿ

ಗುಡಗಾಂವ್ ದಾಟಿ ಮುಂದಿದ್ದ ಒಂದು ಹಳ್ಳಿಯಲ್ಲಿ, ಕೈಬಿಟ್ಟ ಕೊಳವೆ ಬಾವಿಯ ನೀರಿನ ಮಟ್ಟ ಅಳೆಯಲು ಹೋಗಿದ್ದೆವು. ಕೊಳವೆಯ ಬಾಯಿಗೆ ಯಾರೋ ಗೋಣಿ ತುಂಡು ತುರುಕಿದ್ದರು. ಅದನ್ನು ಎಳೆದು ತೆಗೆದಾಗ ಒಳಗಿನಿಂದ ಗಾಳಿ ಬಂತು, ತಣ್ಣಗೆ, ಹಸಿ ಮಣ್ಣಿನ ವಾಸನೆ ಹೊತ್ತು. ಜೂನ್ ಬಿಸಿಲಿನಲ್ಲಿ ಬೆಂದಿದ್ದ ಅಂಗೈಗೆ ಹಿತವೆನಿಸಿತು. ಜೊತೆಗಿದ್ದ ವಿದ್ಯಾರ್ಥಿನಿಯೂ ಕೊಳವೆಯ ಬಾಯಿಗೆ ಕೈ ಒಡ್ಡಿದಳು. ಬೀದರ್‌ನ ಹುಡುಗಿ, ನನ್ನ ಬಳಿ ಪಿಎಚ್‌.ಡಿ. ಮಾಡುತ್ತಿದ್ದಳು.

"ಫ್ಯಾನ್ ಹಚ್ಚಿಟ್ಟಂಗದ ಅಲ್ರಿ ಮೇಡಂ," ಅಂದಳು.

ಸ್ವಲ್ಪ ಹೊತ್ತಿನಲ್ಲಿ ಪಶ್ಚಿಮದ ಆಕಾಶ ಹಳದಿಯಾಗಿ ಆಂಧಿ, ಧೂಳಿನ ಬಿರುಗಾಳಿ, ಎದ್ದಿತು. ಜೀಪಿನ ಗಾಜು ಏರಿಸಿ, ಮೂಗಿಗೆ ಸೆರಗು ಹಿಡಿದು ಕೂತೆವು. ಧೂಳು ಅಡಗಿ ನಾಲ್ಕು ಹನಿ ಉದುರಿದ ಮೇಲೆ ಮತ್ತೆ ಹೋಗಿ ನೋಡಿದರೆ ಕೊಳವೆ ಈಗ ಗಾಳಿಯನ್ನು ಒಳಕ್ಕೆ ಎಳೆಯುತ್ತಿತ್ತು. ಗೋಣಿ ತುಂಡನ್ನು ಹತ್ತಿರ ಹಿಡಿದರೆ ಅದು ತಾನಾಗಿಯೇ ಬಾಯಿಗೆ ಹೋಗಿ ಅಂಟಿಕೊಂಡಿತು.

ಕಾರಣ ಊಹಿಸುವುದು ಕಷ್ಟವೇನಲ್ಲ. ಮಣ್ಣಿನ ಭೌತವಿಜ್ಞಾನ ಓದಿದವರಿಗೆ ಅದು ಪಾಠದಲ್ಲೇ ಬರುತ್ತದೆ. ಒಂದು ಕಾಲದಲ್ಲಿ ನೀರು ತುಂಬಿದ್ದ ಮರಳಿನ ಪದರಗಳು ಈಗ ಬರಿದಾಗಿದ್ದವು, ಅಲ್ಲಿ ಗಾಳಿ ಸೇರಿಕೊಂಡಿತ್ತು. ಹೊರಗೆ ವಾತಾವರಣದ ಒತ್ತಡ ಕುಸಿದರೆ ಆ ಗಾಳಿ ಮೇಲೆ ಬರುತ್ತದೆ, ಏರಿದರೆ ಒಳಗೆ ಹೋಗುತ್ತದೆ. ನೆಲ ಉಸಿರಾಡುತ್ತದೆ ಅಂದರೂ ತಪ್ಪಿಲ್ಲ. ಆದರೆ ಮಣ್ಣಿನೊಳಗೆ ಬಹುಕಾಲ ಇದ್ದ ಗಾಳಿಯಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಆ ಉಸಿರು ಬಯಲಿಗೆ ಬಂದರೆ ಚದುರಿಹೋಗುತ್ತದೆ. ಒಂದು ಗುಂಡಿಯೊಳಗೆ ಬಂದರೆ?

ಆ ಹಳ್ಳಿಯಲ್ಲಿ ಅಂಥ ಗುಂಡಿಗಳು ಹೊಲಕ್ಕೊಂದರಂತೆ ಇದ್ದವು. ನೆಲದ ಮೇಲೆ ಕೂರಿಸಿದ ಪಂಪ್ ತುಂಬ ಆಳದಿಂದ ನೀರು ಎಳೆಯಲಾರದು. ಹಾಗಾಗಿ ನೀರು ಇಳಿದಂತೆಲ್ಲ ರೈತರು ಬಾವಿಯಂಥ ಗುಂಡಿ ತೋಡಿ, ಇಟ್ಟಿಗೆ ಕಟ್ಟಿ, ಪಂಪನ್ನು ಅದರ ತಳದಲ್ಲಿ ಕೂರಿಸುತ್ತಿದ್ದರು. ನೀರು ಮತ್ತೆ ಇಳಿದರೆ ಗುಂಡಿಯನ್ನು ಮತ್ತೆ ತೋಡುವುದು. ಕೆಲವು ಮೂರು ಆಳಿನ ಆಳಕ್ಕಿಂತ ಕೆಳಗೆ ಹೋಗಿದ್ದವು. ಗೋಡೆಗೆ ಹುಗಿದ ಕಬ್ಬಿಣದ ಮೆಟ್ಟಿಲು ಹಿಡಿದು ಇಳಿಯಬೇಕು. ಪಂಪ್ ಗಾಳಿ ಹಿಡಿದು ನೀರೆತ್ತದಿದ್ದಾಗ, ಬೆಲ್ಟ್ ಜಾರಿದಾಗ, ವಾಲ್ವ್ ಕಟ್ಟಿಕೊಂಡಾಗ ಯಾರಾದರೂ ಇಳಿಯಲೇಬೇಕು.

ಗುಂಡಿಗಳ ಗೋಡೆಯ ಸಂದುಗಳಲ್ಲಿ ಪಾರಿವಾಳಗಳು ಗೂಡು ಕಟ್ಟುತ್ತಿದ್ದವು. ಎಲ್ಲ ಗೂಡುಗಳೂ ಮೇಲಿನ ಅರ್ಧದಲ್ಲೇ ಇದ್ದವು. ಕೆಳಗೆ ಒಂದೂ ಇರಲಿಲ್ಲ. ಅದನ್ನು ಗಮನಿಸಿದ ದಿನವೇ ಗುಂಡಿಗಳ ಗಾಳಿ ಅಳೆಯಬೇಕೆಂದು ತೀರ್ಮಾನಿಸಿದೆ.

ಬೇರೆ ವಿಭಾಗದ ಸಹೋದ್ಯೋಗಿಯೊಬ್ಬರ ಬಳಿ ಆಮ್ಲಜನಕ ಅಳೆಯುವ ಕೈಮೀಟರ್ ಇತ್ತು. ಒಳಚರಂಡಿ ಸಂಶೋಧನೆಗೆ ತರಿಸಿದ್ದು. ಅದನ್ನು ಎರವಲು ತಂದೆ. ಸಾಮಾನ್ಯ ಗಾಳಿಯಲ್ಲಿ ಅದು ಇಪ್ಪತ್ತೊಂದರ ಹತ್ತಿರ ತೋರಿಸುತ್ತದೆ, ಹತ್ತೊಂಬತ್ತೂವರೆಗಿಂತ ಇಳಿದರೆ ಕೀಂಕೀಂ ಎಂದು ಕೂಗತೊಡಗುತ್ತದೆ. ಗುಂಡಿಯ ಗಾಳಿಯನ್ನು ಅದರಿಂದ ಅಡಿ ಅಡಿಗೆ ಅಳೆಯುವುದು, ಪಕ್ಕದಲ್ಲೇ ವಾಯುಭಾರ ಮಾಪಕ ಇಟ್ಟು ಒತ್ತಡ ಬರೆದುಕೊಳ್ಳುವುದು ನಮ್ಮ ಕೆಲಸವಾಯಿತು. ನಾವು ಗುಂಡಿಗೆ ಇಳಿಯುವುದಿಲ್ಲ ಎಂದು ಮೊದಲ ದಿನವೇ ನಿಯಮ ಮಾಡಿಕೊಂಡೆವು. ಹಗ್ಗ ಕಟ್ಟಿ ಇಳಿಸಿದರೆ ಮೀಟರಿನ ಅಂಕಿ ಮೇಲಿನಿಂದ ಕಾಣುವುದಿಲ್ಲವಾದ್ದರಿಂದ ಮೀಟರನ್ನು ಮೇಲೇ ಇಟ್ಟುಕೊಂಡು, ಸಣ್ಣ ರಬ್ಬರ್ ಕೊಳವೆಯನ್ನು ಕೆಳಗಿಳಿಸಿ ಕೈಪಂಪಿನಿಂದ ಗಾಳಿ ಹೀರುವ ಉಪಾಯವನ್ನು ವಿದ್ಯಾರ್ಥಿನಿ ಮಾಡಿದಳು.

ಬೆಳಗ್ಗೆ ಅಳೆದರೆ ಎಲ್ಲ ಸರಿ ಇರುತ್ತಿತ್ತು. ಅದೇ ಗುಂಡಿಯಲ್ಲಿ, ಮೋಡ ಕವಿಯುವ ಮಧ್ಯಾಹ್ನ, ತಳದ ಅಂಕಿ ಕುಸಿಯುತ್ತ ಹೋಗಿ ಹತ್ತಕ್ಕೂ ಕೆಳಗೆ ನಿಲ್ಲುತ್ತಿತ್ತು. ಅಂಥ ಗಾಳಿಯಲ್ಲಿ ಎರಡು ಉಸಿರಿಗೇ ಕಾಲು ಸೋಲುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ. ಉಸಿರು ಕಟ್ಟುತ್ತಿದೆ ಎಂದು ಕೂಗುವಷ್ಟು ಸಮಯವೂ ಸಿಗುವುದಿಲ್ಲ.

ನಾವು ಹೆಚ್ಚಾಗಿ ಅಳೆಯುತ್ತಿದ್ದ ಗುಂಡಿ ಇಬ್ಬರು ಅಣ್ಣತಮ್ಮಂದಿರದು. ಅಣ್ಣ ಮಾತುಗಾರ, ನಲವತ್ತರ ಆಸುಪಾಸು. ನಮಗಾಗಿ ಬೇವಿನ ಮರದ ಕೆಳಗೆ ಚಾರ್‌ಪಾಯಿ, ಅಂದರೆ ಹಗ್ಗದ ಮಂಚ, ಹಾಕಿಸಿ, ಹಿತ್ತಾಳೆ ಲೋಟದಲ್ಲಿ ಮಜ್ಜಿಗೆ ಕೊಡುತ್ತಿದ್ದ. ವಿದ್ಯಾರ್ಥಿನಿಯ ಬೀದರಿನ ಹಿಂದಿ ಕೇಳಿದರೆ ಅವನಿಗೆ ನಗು. ಅವಳು ಬೇಡ ಅನ್ನಲು 'ನಕ್ಕೋ' ಅಂದಾಗಲೆಲ್ಲ ತಾನೂ 'ನಕ್ಕೋ, ನಕ್ಕೋ' ಎಂದು ತಲೆಯಾಡಿಸುತ್ತಿದ್ದ. ತಮ್ಮ ಹತ್ತು ವರ್ಷಕ್ಕೆ ಚಿಕ್ಕವನು, ಮಾತು ಕಡಿಮೆ. ಅಣ್ಣ ಎಲ್ಲಿದ್ದರೆ ಅಲ್ಲಿ ಹಿಂದೆ ನಿಂತಿರುತ್ತಿದ್ದ.

"ದೀಪ ಇಳಿಸ್ತೀವಿ ಮೇಡಂ ಜೀ," ಅಂದ ಅಣ್ಣ. "ಬೆಳಗ್ಗೆ ಒಂದು ದೀಪ ಹಚ್ಚಿ ಬುಟ್ಟೀಲಿಟ್ಟು ಇಳಿಬಿಡೋದು. ಉರೀತಾ ಇದ್ರೆ ಗ್ಯಾಸ್ ಇಲ್ಲ. ನಿಮ್ಮ ವಿಶ್ವವಿದ್ಯಾಲಯದವರೂ ಅದನ್ನೇ ಹೇಳಿದ್ದಾರಲ್ಲ."

ಹೇಳಿದ್ದೆವು. ನಮ್ಮ ವಿಸ್ತರಣಾ ವಿಭಾಗ, ಅಂದರೆ ಸಂಶೋಧನೆಯನ್ನು ರೈತರಿಗೆ ತಲುಪಿಸುವ ವಿಭಾಗ, ಕಿಸಾನ್ ಮೇಳಗಳಲ್ಲಿ ಅದನ್ನೇ ಹೇಳುತ್ತಿತ್ತು. ಗೋಡೆಗೆ ಅಂಟಿಸುವ ಬಣ್ಣದ ಚಿತ್ರವನ್ನೂ ಹಂಚಿತ್ತು. ದೀಪದ ಪರೀಕ್ಷೆ ಸುಳ್ಳಲ್ಲ. ಆದರೆ ಅದು ಆ ಗಳಿಗೆಗೆ ಮಾತ್ರ ನಿಜ. ಬೆಳಗ್ಗೆ ಉರಿದ ದೀಪ ಮಧ್ಯಾಹ್ನಕ್ಕೆ ಜಾಮೀನಾಗುವುದಿಲ್ಲ.

ಇದನ್ನು ವಿಸ್ತರಣಾ ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಮೂವತ್ತು ವರ್ಷ ಹಳ್ಳಿ ಸುತ್ತಿದವರು. ನನ್ನ ಗ್ರಾಫುಗಳನ್ನು ಒಂದೊಂದಾಗಿ ನೋಡಿದರು.

"ಎಷ್ಟು ಗುಂಡಿ ಅಳೆದಿದ್ದೀರಿ?"

"ಆರು, ಸರ್."

"ಎಷ್ಟು ದಿನ?"

"ಮೂರು ವಾರ ಆಗಿಲ್ಲ. ಮೀಟರಿನ ಸೆನ್ಸರ್ ತೇವಕ್ಕೆ ಕೆಟ್ಟು ನಡುವೆ ನಿಂತಿತು."

ಅವರು ಹಾಳೆಗಳನ್ನು ಮಡಚಿದರು. "ಒಂದು ಮಳೆಗಾಲ ಪೂರ್ತಿ ಅಳೆಯಿರಿ. ಆಮೇಲೆ ಹೇಳೋಣ. ಇವತ್ತೇ ಹೋಗಿ ಗುಂಡಿ ಅಪಾಯ ಅಂದರೆ ಏನಾಗುತ್ತೆ ಗೊತ್ತಾ? ಎಲ್ಲರೂ ಸಬ್‌ಮರ್ಸಿಬಲ್ ಹಾಕಿಸ್ತಾರೆ. ಆ ಪಂಪ್ ನೀರಲ್ಲೇ ಮುಳುಗಿರುತ್ತೆ, ಗುಂಡಿ ಬೇಡ, ಆಳಕ್ಕೆ ಕೊರೆದರೆ ಸಾಕು. ಆಮೇಲೆ ನೀರು ಇನ್ನೂ ಕೆಳಗೆ. ನೀವೇ ತಾನೇ ನೀರಿನ ಮಟ್ಟದ ಬಗ್ಗೆ ಪ್ರಬಂಧ ಬರೆಯೋರು?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆರು ಗುಂಡಿಗಳ ಮೇಲೆ ಯಾರೂ ಶಿಫಾರಸು ಕೊಡುವುದಿಲ್ಲ. ನಾನೇ ಬೇರೆಯವರ ಪ್ರಬಂಧ ಪರೀಕ್ಷಿಸುತ್ತಿದ್ದರೆ ಹಾಗೇ ಬರೆಯುತ್ತಿದ್ದೆ.

ದೆಹಲಿಯ ಕರೋಲ್ ಬಾಗ್‌ನ ಮನೆಗೆ ಬಂದರೂ ಮನಸ್ಸಿಗೆ ಸಮಾಧಾನವಿರಲಿಲ್ಲ. ಪತಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅಧಿಕಾರಿ, ಫೈಲುಗಳ ದಾರಿ ಬಲ್ಲವರು. "ಲಿಖಿತವಾಗಿ ಹೇಳೋಕೆ ಆಗದಿದ್ರೆ ಬಾಯಲ್ಲಿ ಹೇಳು. ಬಾಯಲ್ಲಿ ಹೇಳೋದಕ್ಕೆ ಯಾರ ಅನುಮತಿ ಬೇಕು?" ಅಂದರು. ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆಯೆತ್ತಿ, "ಮಮ್ಮಾ, ಗುಂಡೀಲಿ ಸಾಂಪ್ ಇದೆಯಾ?" ಎಂದು ಕೇಳಿದಳು. ಹಾವಿದ್ದರೆ ಎಷ್ಟೋ ಚೆನ್ನಾಗಿತ್ತು. ಹಾವು ಕಣ್ಣಿಗೆ ಕಾಣುತ್ತದೆ.

ಮಾರನೇ ವಾರ ಹಳ್ಳಿಯ ಪಂಚಾಯಿತಿ ಕಟ್ಟೆಯಾದ ಚೌಪಾಲಿನಲ್ಲಿ ಹುಕ್ಕಾ ಸುತ್ತ ಕೂತಿದ್ದವರ ಮುಂದೆ ನಿಂತು ಹೇಳಿದೆ. ಮೋಡ ಕವಿದಾಗ, ಆಂಧಿಗೆ ಮುಂಚೆ, ಮಳೆ ಸುರಿಯುವಾಗ ಗುಂಡಿಗಿಳಿಯಬೇಡಿ. ಇಳಿಯಲೇಬೇಕಾದರೆ ಆಗಲೇ ಮತ್ತೊಮ್ಮೆ ದೀಪ ಇಳಿಸಿ. ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಿ, ಮೇಲೆ ಇಬ್ಬರು ನಿಂತಿರಿ. ಒಳಗೆ ಒಬ್ಬ ಬಿದ್ದರೆ ಇನ್ನೊಬ್ಬ ಇಳಿಯಬೇಡಿ.

ಎಲ್ಲರೂ ಮರ್ಯಾದೆಯಿಂದ ಕೇಳಿಸಿಕೊಂಡರು. ಕೊನೆಗೆ ಅಣ್ಣ ನಕ್ಕ. "ಅಚ್ಛಾ ಮೇಡಂ ಜೀ. ಆದರೆ ಸಾವನ್ ತಿಂಗಳಲ್ಲಿ ದಿನಾ ಮೋಡ. ಭತ್ತಕ್ಕೆ ನೀರು ಯಾರು ಬಿಡೋದು? ನಿಮ್ಮ ಈ ಮೇಡಂ ಬಂದು ಬಿಡ್ತಾರಾ?" ಎಂದು ವಿದ್ಯಾರ್ಥಿನಿಯನ್ನು ತೋರಿಸಿದ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಅದಾಗಿ ಹೆಚ್ಚು ದಿನ ಕಳೆದಿರಲಿಲ್ಲ. ಮುಂಗಾರು ಬಂದೂ ಬಾರದಂತಿತ್ತು. ಆ ಮಧ್ಯಾಹ್ನ ಗಾಳಿಯೇ ಇರಲಿಲ್ಲ, ಬೇವಿನ ಎಲೆ ಅಲ್ಲಾಡುತ್ತಿರಲಿಲ್ಲ. ಅಣ್ಣತಮ್ಮಂದಿರ ಹೊಲದಿಂದ ಎರಡು ಹೊಲ ಆಚೆಗಿನ ಗುಂಡಿಯಲ್ಲಿ ಅಳೆಯುತ್ತಿದ್ದೆವು. ವಾಯುಭಾರ ಮಾಪಕದ ಮುಳ್ಳು ಬೆಳಗ್ಗೆಯಿಂದ ಇಳಿಯುತ್ತಲೇ ಇತ್ತು. ಕೊಳವೆ ಅರ್ಧ ಇಳಿಸುವ ಮೊದಲೇ ಮೀಟರ್ ಕೂಗಿತು.

"ಮೇಡಂ, ಇಷ್ಟ್ ಮ್ಯಾಲೆ ಯಾವತ್ತೂ ಕೂಗಿಲ್ರಿ," ಅಂದಳು ವಿದ್ಯಾರ್ಥಿನಿ.

ನಾನು ಉತ್ತರಿಸುವ ಮೊದಲು ಅತ್ತ ಕಡೆಯಿಂದ ತಮ್ಮನ ಕೂಗು ಕೇಳಿಸಿತು. ಮಾತಲ್ಲ, ಅಣ್ಣನನ್ನು ಕರೆಯುವ ಒಂದೇ ಪದ, ಮತ್ತೆ ಮತ್ತೆ. ಮೀಟರ್, ಕೊಳವೆ ಕೈಯಲ್ಲಿ ಹಿಡಿದುಕೊಂಡೇ ಬದುಗಳ ಮೇಲೆ ಓಡಿದೆವು.

ಪಂಪ್ ಗಾಳಿ ಹಿಡಿದಿತ್ತಂತೆ. ಬೆಳಗ್ಗೆ ದೀಪ ಉರಿದಿತ್ತಂತೆ. ಅಣ್ಣ ಎರಡೇ ನಿಮಿಷದ ಕೆಲಸವೆಂದು ಇಳಿದಿದ್ದ. ಗುಂಡಿಯೊಳಗೆ ಬಗ್ಗಿ ನೋಡಿದೆ. ತಳದಲ್ಲಿ ಪಂಪಿನ ಪಕ್ಕ ಅವನು ಮಗ್ಗುಲಾಗಿ ಬಿದ್ದಿದ್ದ, ಬಿಳಿಯ ಬನಿಯನ್ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ತಮ್ಮನ ಕಾಲು ಆಗಲೇ ಮೊದಲ ಮೆಟ್ಟಿಲಿನ ಮೇಲಿತ್ತು.

ನಾನು ಅವನ ಕುರ್ತಾ ಹಿಡಿದೆ. ಯೋಚಿಸಿ ಹಿಡಿದದ್ದಲ್ಲ. ಅವನು ಕೊಡವಿದ. ವಿದ್ಯಾರ್ಥಿನಿ ಅವನ ತೋಳು ಹಿಡಿದು ಜೋತುಬಿದ್ದಳು. ನಮ್ಮ ಜೀಪಿನ ಚಾಲಕ ಓಡಿ ಬಂದು ಸೊಂಟ ಬಳಸಿ ಅವನನ್ನು ನೆಲಕ್ಕೆ ಎಳೆದ.

"ಬಿಡಿ ಮೇಡಂ. ಅಲ್ಲೇ ಇದ್ದಾನೆ. ಕೈಗೆ ಸಿಗ್ತಾನೆ."

"ಇಳಿದರೆ ನೀವೂ ಬೀಳ್ತೀರಿ."

"ಉಸಿರು ಹಿಡಿದು ಹೋಗ್ತೀನಿ."

"ಅವರನ್ನ ಹೊತ್ತು ಹತ್ತೋಕೆ ಉಸಿರು ಬೇಕು. ಆಗಲ್ಲ."

ವಿದ್ಯಾರ್ಥಿನಿ ಅಷ್ಟರಲ್ಲಿ ಕೊಳವೆ ಇಳಿಸಿದ್ದಳು. ಮೀಟರ್ ಕೂಗತೊಡಗಿತು. ಅಂಕಿ ಆರು ಚಿಲ್ಲರೆಗೆ ಬಂದು ನಿಂತಿತು. ನಾನು ಅದನ್ನು ತಮ್ಮನ ಮುಖಕ್ಕೆ ಹಿಡಿದೆ. ಅವನು ಅದನ್ನು ನೋಡಲಿಲ್ಲ. ಅದು ಅವನಿಗೆ ಏನೂ ಆಗಿರಲಿಲ್ಲ, ಕೂಗುವ ಒಂದು ಹಳದಿ ಡಬ್ಬಿ ಅಷ್ಟೆ.

ಜನ ಸೇರಿದರು. ಯಾರೋ ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ತಂದು ಇಳಿಸಿದರು. ಅದರ ಕೊಕ್ಕೆ ಬನಿಯನ್‌ಗೆ ಸಿಕ್ಕಿತು, ಎಳೆದಾಗ ಬಟ್ಟೆ ಹರಿಯಿತು. ಕೆಳಗಿನ ದೇಹ ಸ್ವಲ್ಪ ಎದ್ದು ಮತ್ತೆ ಬಿತ್ತು. ಗುಂಪಿನಿಂದ ಒಬ್ಬ ಮುದುಕ ನನ್ನತ್ತ ಕೈ ತೋರಿಸಿ, "ಈ ಹೆಂಗಸು ಕೊಲ್ತಿದ್ದಾಳೆ," ಅಂದ. ಇನ್ನಿಬ್ಬರು ಯುವಕರು ಮೆಟ್ಟಿಲಿನತ್ತ ಬಂದರು. ನಾನು ಮೆಟ್ಟಿಲಿನ ಬಾಯಿಗೆ ಅಡ್ಡಲಾಗಿ ಕೂತುಬಿಟ್ಟೆ. ನಿಂತಿದ್ದರೆ ತಳ್ಳಿಬಿಡುತ್ತಿದ್ದರು. ಕೂತ ಹೆಂಗಸನ್ನು ಎತ್ತಿ ಬದಿಗಿಡಲು ಅವರು ಹಿಂಜರಿದರು. ಆ ಹಿಂಜರಿಕೆಯನ್ನೇ ನಂಬಿ ಕೂತೆ.

ಗಾಳಿ ಊದಬೇಕು. ಏನಿದೆ ಈ ಊರಲ್ಲಿ? ಸಾಸಿವೆಗೆ ಔಷಧಿ ಹೊಡೆಯಲು ಬೆನ್ನಿಗೆ ಕಟ್ಟಿಕೊಳ್ಳುವ ಪೆಟ್ರೋಲ್ ಬ್ಲೋವರ್ ಪಕ್ಕದ ಹೊಲದವನ ಬಳಿ ಇತ್ತು. ಚಾಲಕ ಜೀಪು ತೆಗೆದುಕೊಂಡು ಹೋಗಿ ತಂದ. ಅದರ ಮೂತಿಗೆ ಹೊಲಕ್ಕೆ ನೀರು ಹಾಯಿಸುವ ಅಗಲದ ಪ್ಲಾಸ್ಟಿಕ್ ಪೈಪನ್ನು ತೂರಿಸಿ, ವಿದ್ಯಾರ್ಥಿನಿ ತನ್ನ ದುಪಟ್ಟಾದಿಂದ ಬಿಗಿದಳು. ಇನ್ನೊಂದು ತುದಿಗೆ ಇಟ್ಟಿಗೆ ಕಟ್ಟಿ ತಳಕ್ಕೆ ಇಳಿಬಿಟ್ಟೆವು. ಬ್ಲೋವರ್ ಶುರುವಾಗಲು ಹಟಮಾಡಿತು. ಹಗ್ಗ ಎಳೆದರೆ ಕೆಮ್ಮಿ ನಿಲ್ಲುವುದು, ಮತ್ತೆ ಎಳೆಯುವುದು. ಕೊನೆಗೆ ಹತ್ತಿಕೊಂಡಿತು. ಪೈಪು ಉಬ್ಬಿ ಗೋಡೆಗೆ ಬಡಿಯತೊಡಗಿತು.

ಅಷ್ಟರಲ್ಲಿ ಅಣ್ಣನ ಹೆಂಡತಿ ಬಂದಳು. ಹೊಲದಿಂದಲೇ ಓಡಿ ಬಂದಿದ್ದಳು, ಕೈಯಲ್ಲಿ ಕುಡುಗೋಲು ಹಾಗೇ ಇತ್ತು. ಅವಳು ಅಳಲಿಲ್ಲ, ಕಿರುಚಲಿಲ್ಲ. ನನ್ನ ಎದುರು ಕೂತು ಕೇಳಿದಳು, "ಯಾಕೆ ಯಾರೂ ಇಳೀತಿಲ್ಲ?"

ನಾನು ಹೇಳಿದೆ. ಅವಳಿಗೆ ತಿಳಿಯಿತೋ ಇಲ್ಲವೋ ಗೊತ್ತಿಲ್ಲ. ಮೈದುನನತ್ತ ತಿರುಗಿ, "ನೀನೂನಾ?" ಅಂದಳು. ಅವನು ಮುಖ ತಿರುಗಿಸಿದ.

ಅಂಕಿ ಏರುವುದನ್ನು ಕಾಯುವುದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ. ಏಳು. ಒಂಬತ್ತು. ಅಲ್ಲೇ ನಿಂತಿತು, ಒಮ್ಮೆ ಇಳಿಯಿತು. ನೆಲ ಒಳಗಿನಿಂದ ಊದುತ್ತಿತ್ತು, ನಾವು ಮೇಲಿನಿಂದ ಊದುತ್ತಿದ್ದೆವು. ಹನ್ನೆರಡಾದಾಗ ತಮ್ಮ ಎದ್ದು ನಿಂತ. ನಾನು ಬೇಡವೆಂದು ತಲೆಯಾಡಿಸಿದೆ. ಅವನು ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ, ಅದರಲ್ಲಿ ಸಿಟ್ಟಿರಲಿಲ್ಲ, ಬರೀ ಅಪರಿಚಿತತೆ. ಇಪ್ಪತ್ತು ಮುಟ್ಟಿ ಮೀಟರಿನ ಕೂಗು ನಿಂತ ಮೇಲೆ ಅವನ ಎದೆಗೆ ಹಗ್ಗ ಬಿಗಿದು, ಮೀಟರನ್ನು ಕೊರಳಿಗೆ ಹಾಕಿ, ಅದು ಕೂಗಿದರೆ ತಕ್ಷಣ ಎಳೆಯುತ್ತೇವೆ ಎಂದು ಹೇಳಿ ಇಳಿಸಿದೆವು. ಅವನು ಅಣ್ಣನ ಕಂಕುಳಿನಡಿ ಎರಡನೇ ಹಗ್ಗ ಕಟ್ಟಿದ. ಇಬ್ಬರನ್ನೂ ಎಳೆದುಕೊಂಡೆವು.

ಅಣ್ಣನನ್ನು ನೆಲದ ಮೇಲೆ ಮಲಗಿಸಿ ಬಾಯಿಗೆ ಬಾಯಿ ಕೊಟ್ಟು ಊದಿದೆ, ಎದೆ ಒತ್ತಿದೆ. ಜೀಪಿನಲ್ಲೂ ದಾರಿಯುದ್ದಕ್ಕೂ ಮಾಡಿದೆ. ಮಳೆ ಶುರುವಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿಗೆ ಟಾರ್ಚ್ ಹಿಡಿದು ನೋಡಿ, ತಲೆ ಅಲ್ಲಾಡಿಸಿದರು.

ವರಾಂಡದ ಬೆಂಚಿನಲ್ಲಿ ತಮ್ಮ ನನ್ನ ಪಕ್ಕ ಕೂತ. ಅವನ ಅಂಗೈಗಳಲ್ಲಿ ಹಗ್ಗ ಕೊರೆದ ಗಾಯ. ಅವುಗಳನ್ನು ನೋಡುತ್ತಲೇ ಕೇಳಿದ, "ನಾನು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಾಗ ಅವನು ಬದುಕಿದ್ದನಾ?"

ಇಲ್ಲ ಅನ್ನಬಹುದಿತ್ತು. ಹಾಗೆ ಅಂದಿದ್ದರೆ ಇಬ್ಬರಿಗೂ ಸುಲಭವಾಗುತ್ತಿತ್ತು.

"ಗೊತ್ತಿಲ್ಲ," ಅಂದೆ. "ಇದ್ದಿರಬಹುದು."

ಅವನು ಎದ್ದು ಹೋದ.

ಒಂದು ಮಳೆಗಾಲ ಪೂರ್ತಿ ಅಳೆಯಲು ಯಾರೂ ಹೇಳಬೇಕಾಗಿ ಬರಲಿಲ್ಲ, ನಾವೇ ಅಳೆದೆವು. ಬೇರೆ ಹಳ್ಳಿಗಳಲ್ಲಿ, ಯಾಕೆಂದರೆ ಆ ಹಳ್ಳಿಯಲ್ಲಿ ನಮಗೆ ಚಾರ್‌ಪಾಯಿ ಹಾಕುವವರು ಉಳಿದಿರಲಿಲ್ಲ. ಫಲಿತಾಂಶ ಎಲ್ಲ ಕಡೆ ಒಂದೇ. ಮುಖ್ಯಸ್ಥರು ದೀಪದ ಚಿತ್ರವನ್ನು ವಾಪಸು ತರಿಸಿದರು, ನನ್ನ ಜೊತೆ ತಾವೇ ಹಳ್ಳಿ ಹಳ್ಳಿಗೆ ಬಂದರು. ಚೌಪಾಲುಗಳಲ್ಲಿ ಬ್ಲೋವರ್ ಮತ್ತು ಪೈಪು ಕಟ್ಟಿ ತೋರಿಸಿದೆವು, ಗೋಡೆಗಳ ಮೇಲೆ ನನ್ನ ಮೊಬೈಲ್ ನಂಬರ್ ಬರೆಸಿದೆವು. ಮುಖ್ಯಸ್ಥರು ಹೆದರಿದ್ದೂ ನಿಜವಾಯಿತು. ರೈತರು ಗುಂಡಿ ಬಿಟ್ಟು ಸಬ್‌ಮರ್ಸಿಬಲ್ ಹಾಕಿಸಿದರು, ನೀರು ಇನ್ನೂ ಕೆಳಗಿಳಿಯಿತು. ಬರಿದಾದ ಮರಳು ಹೆಚ್ಚಿದಷ್ಟೂ ನೆಲದ ಉಸಿರು ಬಲವಾಯಿತು. ಬಾಯಿ ಮುಚ್ಚದೆ ಬಿಟ್ಟ ಹಳೆಯ ಗುಂಡಿಗಳು ಹಾಗೇ ಇದ್ದವು, ಅಂಚಿನಲ್ಲಿ ಎಕ್ಕದ ಗಿಡ ಬೆಳೆದು ಕಾಣದಂತಾಗಿದ್ದವು. ನನಗೆ ಈಗ ಭಯ ಅವುಗಳದ್ದೇ.

ಎರಡು ವರ್ಷದ ನಂತರ, ಮೆಟ್ರೋ ಇನ್ನೂ ಗುಡಗಾಂವ್ ತಲುಪಿರದ ದಿನಗಳು, ಒಂದು ಮಧ್ಯಾಹ್ನ ಪಾಠ ಮಾಡುತ್ತಿದ್ದಾಗ ಮೊಬೈಲ್ ಮೊಳಗಿತು. ಗೊತ್ತಿಲ್ಲದ ನಂಬರು. ಕಿಟಕಿಯಾಚೆ ಮೋಡ ಕವಿದಿತ್ತು, ಹಾಗಾಗಿ ಎತ್ತಿಕೊಂಡೆ. ಆ ಕಡೆ ಮೋಟರಿನ ಸದ್ದು, ಜನರ ಗದ್ದಲ.

"ಮೇಡಂ, ನಾನು." ತಮ್ಮನ ದನಿ. "ಪಕ್ಕದೂರಲ್ಲಿದ್ದೀನಿ. ಪಂಪ್ ಮಿಸ್ತ್ರಿ ಗುಂಡೀಲಿ ಬಿದ್ದಿದ್ದಾನೆ. ಬ್ಲೋವರ್ ಹಾಕಿದ್ದೀವಿ. ದೀಪ ಇಳಿಸಿದರೆ ಇನ್ನೂ ಆರ್ತಾ ಇದೆ."

"ಊದ್ತಾ ಇರಿ. ಪೈಪ್ ತಳ ಮುಟ್ಟಿದೆಯಾ?"

"ಮುಟ್ಟಿದೆ. ಅವನ ಅಪ್ಪ ಇಳೀತೀನಿ ಅಂತಿದ್ದಾರೆ. ನಾನು ಹಿಡಕೊಂಡಿದ್ದೀನಿ." ಫೋನು ಯಾವುದಕ್ಕೋ ಬಡಿದ ಸದ್ದು. "ಹೊಡೀತಿದ್ದಾರೆ. ನನ್ನ ಮಗನ್ನ ಕೊಲ್ತಿದ್ದೀಯ ಅಂತಿದ್ದಾರೆ. ಏನು ಹೇಳಲಿ ಅವರಿಗೆ?"

ನನ್ನ ಎದುರು ಇಡೀ ತರಗತಿ ಕೂತಿತ್ತು. "ಏನೂ ಹೇಳಬೇಡಿ," ಅಂದೆ. "ಬಿಡಬೇಡಿ, ಅಷ್ಟೇ. ದೀಪ ಆರದೆ ಉರಿಯೋವರೆಗೂ. ಉರಿದ ಮೇಲೂ ಬ್ಲೋವರ್ ನಿಲ್ಲಿಸಬೇಡಿ, ಹಗ್ಗ ಕಟ್ಟಿಯೇ ಇಳಿಸಿ."

ಫೋನು ಕಡಿದುಹೋಯಿತು. ಸಂಜೆ ನಾನೇ ಕರೆ ಮಾಡಿದೆ. ಮಿಸ್ತ್ರಿ ಬದುಕಿದ್ದ. ಕಣ್ಣು ಬಿಟ್ಟಿದ್ದ, ಮಾತು ತೊದಲುತ್ತಿತ್ತು.

"ಅವರಪ್ಪ?" ಎಂದು ಕೇಳಿದೆ.

"ಆಸ್ಪತ್ರೇಲಿದ್ದಾರೆ, ಮಗನ ಹತ್ತಿರ. ನನ್ನ ಮುಖ ನೋಡ್ತಿಲ್ಲ." ಆಮೇಲೆ ತಾನೇ ಹೇಳಿದ, "ಪರವಾಗಿಲ್ಲ ಮೇಡಂ. ನನಗೆ ಗೊತ್ತು."